ನೀರಣ್ಣನ ಮುಕ್ಕಾಲು ಗಂಟೆ

ಆ ಊರಿನ ನಗರಸಭೆಯಲ್ಲಿ ಇಪ್ಪತ್ತು ಜನ ಸದಸ್ಯರು. ಹತ್ತು ಜನ ದಿಬ್ಬದವರು, ಹತ್ತು ಜನ ತಗ್ಗಿನವರು. ಎಂಟು ತಿಂಗಳಲ್ಲಿ ಇಪ್ಪತ್ತೂ ಜನ ಕೂಡಿ ಒಪ್ಪಿದ ಮಾತು ಒಂದೇ: ನೀರು ಬಿಡುವವನನ್ನು ಕೆಲಸದಿಂದ ತೆಗೆಯಬೇಕು.

ನೀರು ಬಿಡುವವನು ನೀರಣ್ಣನ ಮಗ. ಬೆಳಿಗ್ಗೆ ಐದಕ್ಕೆ ಉದ್ದ ಹಿಡಿಯ ಕಬ್ಬಿಣದ ಕೀಲಿಯನ್ನು ಹೆಗಲಿಗೇರಿಸಿಕೊಂಡು ಹೋಗಿ, ಗುಂಡಿಯಲ್ಲಿರುವ ವಾಲ್ವ್ ತಿರುಗಿಸಿ, ಮೊದಲು ತಗ್ಗಿಗೆ ಒಂದೂವರೆ ಗಂಟೆ, ಆಮೇಲೆ ದಿಬ್ಬಕ್ಕೆ ಒಂದೂವರೆ ಗಂಟೆ ನೀರು ಬಿಡುವುದು ಅವನ ಕೆಲಸ. ಅವನಪ್ಪ ಇದೇ ಕೆಲಸವನ್ನು ಮೂವತ್ತು ವರ್ಷ ಮಾಡಿ, ನಾಲ್ಕು ವರ್ಷದ ಹಿಂದೆ ಕೆಲಸದಲ್ಲಿದ್ದಾಗಲೇ ತೀರಿಕೊಂಡಿದ್ದ. ಆ ಮನುಷ್ಯನ ನಿಜವಾದ ಹೆಸರು ಹಾಜರಿ ಪುಸ್ತಕಕ್ಕೆ ಮಾತ್ರ ಗೊತ್ತಿತ್ತು. ಊರಿಗೆಲ್ಲ ಅವನು ನೀರಣ್ಣ. "ನೀರಣ್ಣ ಇದ್ದಾಗ ನೀರು ತಕ್ಕಡೀಲಿ ತೂಗಿದ ಹಾಗೆ ಬರ್ತಿತ್ತು" ಎಂದು ದಿಬ್ಬದವರೂ ಹೇಳುತ್ತಿದ್ದರು, ತಗ್ಗಿನವರೂ ಹೇಳುತ್ತಿದ್ದರು.

ಆ ಮಾತು ಕಿವಿಗೆ ಬಿದ್ದಾಗಲೆಲ್ಲ ನೀರಣ್ಣನ ಹೆಂಡತಿ ತಲೆ ತಗ್ಗಿಸಿ ಕೈಯಲ್ಲಿದ್ದ ಕೆಲಸ ನೋಡುತ್ತಿದ್ದಳು. ಗಂಡನನ್ನು ಹೊಗಳಿದರೆ ನಾಚಿಕೆಪಡುತ್ತಾಳೆ ಎಂದು ಜನ ತಿಳಿದಿದ್ದರು.

ನಗರಸಭೆಯ ಜಗಳ ಕೊಳವೆಯದು. ಊರಿನ ಹಳೆಯ ಕೊಳವೆ ತುಕ್ಕು ತಿಂದು ಜರಡಿಯಾಗಿತ್ತು. ಹೊಸ ಕೊಳವೆಗಳು ಬಂದು ನಗರಸಭೆಯ ಅಂಗಳದಲ್ಲಿ ರಾಶಿ ಬಿದ್ದಿದ್ದವು, ನಾಯಿಗಳು ಅವುಗಳೊಳಗೆ ಮರಿ ಹಾಕಿದ್ದವು. ಗುಡ್ಡದ ರಸ್ತೆಯಲ್ಲಿ ಹಾಕಬೇಕು ಎಂದು ದಿಬ್ಬದವರು, ಮಾರ್ಕೆಟ್ ರಸ್ತೆಯಲ್ಲಿ ಎಂದು ತಗ್ಗಿನವರು. ಕೊಳವೆ ಯಾರ ಬಾಗಿಲ ಮುಂದೆ ಮೊದಲು ಹಾಯುತ್ತದೋ ನೀರು ಅವರದು ಎಂಬುದು ಇಬ್ಬರಿಗೂ ಗಟ್ಟಿ. ಅಧ್ಯಕ್ಷರು ದಿಬ್ಬದವರು, ಮತ ಸಮ ಬಂದರೆ ಅವರು ಇನ್ನೊಂದು ಮತ ಹಾಕಬಹುದಿತ್ತು. ಅದಕ್ಕೇ ಕೊಳವೆಯ ವಿಷಯ ಬಂದ ಕೂಡಲೇ ತಗ್ಗಿನ ಹತ್ತೂ ಜನ ಎದ್ದು ಹೊರಗೆ ನಡೆಯುತ್ತಿದ್ದರು. ಹದಿನಾಲ್ಕು ಜನ ಇಲ್ಲದೆ ಸಭೆ ನಡೆಯುವಂತಿಲ್ಲ. ಸಭೆ ಮುಂದಕ್ಕೆ. ಚರಂಡಿ, ಬೀದಿದೀಪ ಅಂತ ತಗ್ಗಿನವರು ಏನಾದರೂ ತಂದರೆ ಮುಯ್ಯಿಗೆ ಮುಯ್ಯಿ ಎಂದು ದಿಬ್ಬದ ಹತ್ತು ಜನ ಎದ್ದು ಹೋಗುತ್ತಿದ್ದರು. ಹನ್ನೊಂದು ಸಭೆ ಹೀಗೇ ಮುಗಿದವು. "ಇವರ ಸಭೆಗಿಂತ ಕೋಳಿಗಳ ಸಭೆ ವಾಸಿ, ಮೊಟ್ಟೆಯಾದ್ರೂ ಬರುತ್ತೆ" ಎಂದು ಜನ ನಗುತ್ತಿದ್ದರು. ಆದರೆ ತಿಂಗಳ ಕೊನೆಯ ಶುಕ್ರವಾರದೊಳಗೆ ಠರಾವು ಆಗದಿದ್ದರೆ ಕೊಳವೆಗಳನ್ನು ಲಾರಿಗೆ ತುಂಬಿ ಬೇರೆ ಊರಿಗೆ ಕಳಿಸುತ್ತೇವೆ ಎಂದು ಮೇಲಿನಿಂದ ಕಾಗದ ಬಂದ ಮೇಲೆ ನಗು ನಿಂತಿತು.

ತಗ್ಗಿನಲ್ಲಿ ನೀರು ಕಡಿಮೆ ಬರುತ್ತಿದ್ದದ್ದಂತೂ ನಿಜ. ನಾಲ್ಕು ವರ್ಷದಿಂದ, ಅಂದರೆ ಮಗ ಕೀಲಿ ಹಿಡಿದಾಗಿನಿಂದ.

"ಲೋಕದಲ್ಲೆಲ್ಲ ನೀರು ತಗ್ಗಿಗೆ ಹರಿಯುತ್ತೆ. ನಮ್ಮೂರಲ್ಲಿ ಮಾತ್ರ ದಿಬ್ಬ ಹತ್ತುತ್ತೆ. ಯಾರೋ ಹಿಂದಿನಿಂದ ತಳ್ತಿದಾರೆ ಅಂತಾಯ್ತಲ್ಲ?" ಎಂದು ತಗ್ಗಿನವರು ಚುಚ್ಚುತ್ತಿದ್ದರು.

"ನಿಮ್ಮಲ್ಲೇ ಯಾರೋ ಮೋಟಾರ್ ಇಟ್ಟು ಎಳೀತಿದಾರೆ. ಮೊದಲು ನಿಮ್ಮ ಹಿತ್ತಲು ನೋಡ್ಕೊಳ್ಳಿ" ಎಂದು ದಿಬ್ಬದವರು.

ಇವರಿಬ್ಬರ ನಡುವೆ, ನಾಲ್ಕು ರಸ್ತೆ ಕೂಡುವಲ್ಲಿ, ಒಬ್ಬಳು ಹೊಲಿಗೆ ಅಂಗಡಿ ಇಟ್ಟುಕೊಂಡಿದ್ದಳು. ತಗ್ಗಿನವಳು. ಎಲ್ಲರೂ ಅವಳನ್ನು ಟೈಲರಕ್ಕ ಎನ್ನುತ್ತಿದ್ದರು. ಅವಳ ಬಾಯಿ ಅವಳ ಕತ್ತರಿಗಿಂತ ಹರಿತ. ಒಂದು ದಿನ ದಿಬ್ಬದ ನಿವೃತ್ತ ಮೇಷ್ಟ್ರು ಪ್ಯಾಂಟಿನ ಉದ್ದ ಕಡಿಮೆ ಮಾಡಿಸಲು ಬಂದವರು, ನೀರಿನ ಮಾತೆತ್ತಿ, "ನಿಮ್ಮೋರು ಸುಮ್ಮನೆ ಬೊಬ್ಬೆ ಹೊಡೀತಾರಮ್ಮ" ಎಂದರು.

"ಮೇಷ್ಟ್ರೇ, ನಿಮ್ಮ ಪ್ಯಾಂಟು ಅಳೀದೆ ಕತ್ತರಿಸ್ಲಾ?"

"ಅಯ್ಯೋ, ಬೇಡಮ್ಮ."

"ಮತ್ತೆ ನಮ್ಮ ನೀರು ಅಳೀದೆ ಮಾತಾಡ್ತೀರಲ್ಲ!"

ಮೇಷ್ಟ್ರು ಅಂಗಡಿಯ ಬೆಂಚಿನ ಮೇಲೆ ಕೂತರು. ಆ ಬೆಂಚಿನ ಮೇಲೆಯೇ ಅಳೆಯುವ ಕ್ರಮ ಹುಟ್ಟಿತು. ಎರಡೂ ಕಡೆ ಇಪ್ಪತ್ತಿಪ್ಪತ್ತು ಮನೆ. ಒಂದೇ ಅಳತೆಯ ಬಕೆಟ್. ನಲ್ಲಿ ಪೂರ್ತಿ ತಿರುಗಿಸಿ, ಬಕೆಟ್ ತುಂಬಲು ಎಷ್ಟು ಹೊತ್ತಾಯಿತು ಎಂದು ಬರೆಯುವುದು. ಒಂದೇ ಷರತ್ತು: ದಿಬ್ಬದ ಮನೆಗಳಲ್ಲಿ ತಗ್ಗಿನವರು ಕೂತು ಅಳೆಯಬೇಕು, ತಗ್ಗಿನ ಮನೆಗಳಲ್ಲಿ ದಿಬ್ಬದವರು. ತಮ್ಮ ಮನೆಯದನ್ನು ತಾವೇ ಅಳೆದರೆ ಗಡಿಯಾರವೂ ಸುಳ್ಳು ಹೇಳುತ್ತದೆ.

ಹಾಗೆ ನಾಲ್ಕು ದಿನ ಬೆಳಗಾಗುವ ಮೊದಲೇ ಮನೆಗಿಬ್ಬರಂತೆ ದಿಬ್ಬದ ನಲವತ್ತು ಜನ ಇಳಿದು ಬಂದರು, ಅವರು ಹಿಂದಿರುಗುವಷ್ಟರಲ್ಲಿ ತಗ್ಗಿನ ನಲವತ್ತು ಜನ ಹತ್ತಿದರು. ಮೂವತ್ತು ವರ್ಷ ಒಂದೇ ಊರಿನಲ್ಲಿದ್ದು ಒಬ್ಬರ ಹಿತ್ತಲು ಒಬ್ಬರು ನೋಡಿರಲಿಲ್ಲ. ಮೇಷ್ಟ್ರು ಟೈಲರಕ್ಕನ ಅಂಗಳದಲ್ಲಿ ಮಣೆಯ ಮೇಲೆ ಕೂತು, ಬಕೆಟ್ಟಿಗೆ ಬೀಳುವ ಬೆರಳು ದಪ್ಪದ ಧಾರೆಯನ್ನೂ ಕೈಗಡಿಯಾರವನ್ನೂ ನೋಡಿದರು. ನಾಲ್ಕು ನಿಮಿಷವಾದರೂ ಬಕೆಟ್ ತುಂಬಲಿಲ್ಲ. ಟೈಲರಕ್ಕನ ಅತ್ತೆ, "ಟೀ ಕುಡೀರಿ ಮೇಷ್ಟ್ರೇ. ಊಟಾನೂ ಇಲ್ಲೇ ಮಾಡಿ. ಬಕೆಟ್ ತುಂಬೋ ಹೊತ್ತಿಗೆ ಅದೂ ಆಗಿರುತ್ತೆ" ಎಂದಳು. ಮೇಷ್ಟ್ರು ನಗಲಿಲ್ಲ.

ನೀರಣ್ಣನ ಹೆಂಡತಿಯ ಮನೆ ತಗ್ಗಿನಲ್ಲೇ ಇದ್ದುದರಿಂದ ಟೈಲರಕ್ಕ ಅವಳನ್ನೂ ದಿಬ್ಬಕ್ಕೆ ಎಳೆದುಕೊಂಡು ಹೋಗಿದ್ದಳು. ಮೇಷ್ಟ್ರ ಮನೆಯ ನಲ್ಲಿ ತಿರುಗಿಸಿದರೆ ನೀರು ಭೋರ್ ಎಂದು ಬಂತು. ಬಕೆಟ್ ಐವತ್ತು ಸೆಕೆಂಡಿನಲ್ಲಿ ತುಂಬಿ ಉಕ್ಕಿತು. ಟೈಲರಕ್ಕ ಅದನ್ನು ಬರೆದುಕೊಂಡು, ಪೆನ್ಸಿಲ್ ಕಿವಿಗೆ ಸಿಕ್ಕಿಸಿ, ತಿರುಗಿ ನೋಡಿದಳು.

"ಅಕ್ಕ, ನಿನ್ನ ಮಗ ಅಂತ ನಾನು ಬಾಯಿ ಮುಚ್ಕೊಂಡಿರಲ್ಲ. ಈಗ್ಲೇ ಹೇಳ್ತಿದೀನಿ."

"ನಾನೇನು ಮುಚ್ಚು ಅಂದ್ನಾ?" ಎಂದಳು ಅವಳು. ಒದ್ದೆಯಾದ ಸೆರಗನ್ನು ಹಿಂಡಿಕೊಂಡು ಬಕೆಟ್ ಖಾಲಿ ಮಾಡಿದಳು. ಐವತ್ತು ಸೆಕೆಂಡು ಯಾಕೆ, ನಾಲ್ಕು ನಿಮಿಷ ಯಾಕೆ ಎಂದು ಆ ಊರಿನಲ್ಲಿ ಬಲ್ಲವಳು ಅವಳೊಬ್ಬಳೇ.

ಇಪ್ಪತ್ತೆರಡು ವರ್ಷದ ಹಿಂದೆ ನಾಲ್ಕು ರಸ್ತೆ ಕೂಡುವಲ್ಲಿ ಕೊಳವೆ ಒಡೆದಿತ್ತು. ನೀರಣ್ಣನ ಕೆಲಸ ಆಗಿನ್ನೂ ಕಾಯಂ ಆಗಿರಲಿಲ್ಲ. ಟ್ಯಾಂಕಿನಿಂದಲೇ ನೀರು ನಿಲ್ಲಿಸಿ, ಮೊಣಕಾಲುದ್ದ ಕೆಸರಿನಲ್ಲಿ ನಿಂತು ರಿಪೇರಿ ಮಾಡುವಾಗ ಅವನಿಗೆ ಒಂದು ಹಳೆಯ ವಾಲ್ವ್ ಸಿಕ್ಕಿತು, ಯಾವ ನಕ್ಷೆಯಲ್ಲೂ ಇಲ್ಲದ್ದು. ಕೀಲಿ ಹಾಕಿ ಎಡಕ್ಕೆ ತಿರುಗಿಸಿದ. ಎಲ್ಲ ವಾಲ್ವೂ ತೆರೆಯುವುದು ಎಡಕ್ಕೇ. ಅದು ತಿರುಗಿತು, ತಿರುಗುತ್ತಲೇ ಹೋಯಿತು. ಇಷ್ಟು ದಿನ ಯಾರೋ ಮುಚ್ಚಿಟ್ಟಿದ್ದಾರೆ, ಅದಕ್ಕೇ ಕೊಳವೆ ಒಡೆದದ್ದು, ನಾನು ತೆರೆದೆ ಎಂದು ಹಿಗ್ಗಿಕೊಂಡು ಮನೆಗೆ ಬಂದ. ಮರುದಿನ ಗುಂಡಿ ಮುಚ್ಚಿ, ಮೇಲೆ ಟಾರು ಹಾಕಿ, ರೋಲರ್ ಓಡಿಸಿದರು.

ಮೂರನೆಯ ದಿನ ಊಟಕ್ಕೆ ಕೂತವನು ತುತ್ತು ಕೈಯಲ್ಲಿ ಹಿಡಿದು ಹಾಗೇ ಉಳಿದ. "ಅದು ಹಳೇ ಕಾಲದ್ದು ಕಣೇ. ಉಲ್ಟಾ. ಬಲಕ್ಕೆ ತೆರೆಯೋದು. ನಾನು ತೆರೀಲಿಲ್ಲ, ಮುಚ್ಚಿಬಿಟ್ಟೆ" ಎಂದ. ಒಳಗೆ ಕಲ್ಲುಚೂರು ಸಿಕ್ಕಿಕೊಂಡಿತ್ತೋ ಏನೋ, ಪೂರ್ತಿ ಮುಚ್ಚಿರಲಿಲ್ಲ. ಎರಡು ಬೆರಳಷ್ಟು ಸಂದಿನಲ್ಲಿ ತಗ್ಗಿಗೆ ನೀರು ಹೋಗುತ್ತಿತ್ತು. ಹೇಳಿದರೆ ಹೊಸ ರಸ್ತೆ ಅಗೆಯಬೇಕು. ಅಗೆದರೆ ಯಾರ ತಪ್ಪು ಎನ್ನುತ್ತಾರೆ. ಇನ್ನೊಂದು ತಿಂಗಳಿಗೆ ಕೆಲಸ ಕಾಯಂ ಆಗುವುದಿತ್ತು. "ಕಾಯಂ ಆಗ್ಲಿ, ಆಮೇಲೆ ಹೇಳ್ತೀನಿ" ಎಂದ. "ಹೂಂ, ಆಮೇಲೆ ಹೇಳಿ" ಎಂದು ಅವಳೂ ಅಂದಳು. ಅವಳ ಪಾಲೂ ಅದರಲ್ಲಿತ್ತು, ಇಲ್ಲವೆನ್ನುವಂತಿಲ್ಲ.

ಆ ‘ಆಮೇಲೆ’ ಬರಲೇ ಇಲ್ಲ. ಅದರ ಬದಲು ನೀರಣ್ಣ ಐದು ಗಂಟೆಗೆ ತೆರೆಯಬೇಕಾದ ತಗ್ಗಿನ ನೀರನ್ನು ನಾಲ್ಕೂಕಾಲಿಗೇ ತೆರೆಯತೊಡಗಿದ. ದಿನಾ ಮುಕ್ಕಾಲು ಗಂಟೆ ಹೆಚ್ಚು. ಪುಸ್ತಕದಲ್ಲಿ ಮಾತ್ರ ಐದು ಎಂದು ಬರೆಯುತ್ತಿದ್ದ. ಚಳಿಯೋ ಮಳೆಯೋ ಜ್ವರವೋ, ಮೂರೂಮುಕ್ಕಾಲಿಗೆ ಅವಳು ಭುಜ ಅಲ್ಲಾಡಿಸುತ್ತಿದ್ದಳು, ಅವನು ಏಳುತ್ತಿದ್ದ. ತಗ್ಗಿನವರು ಕಣ್ಣುಜ್ಜಿಕೊಂಡು ಎದ್ದಾಗ ಡ್ರಮ್ಮುಗಳು ಅರ್ಧ ತುಂಬಿರುತ್ತಿದ್ದವು. ಹದಿನೆಂಟು ವರ್ಷ ಹೀಗೇ ನಡೆಯಿತು. ತಕ್ಕಡಿಯಲ್ಲಿ ತೂಗಿದ ನೀರು ಎಂದರೆ ಅದು.

ಅವನು ಸತ್ತ ಮೇಲೆ ಆ ಮುಕ್ಕಾಲು ಗಂಟೆಯೂ ಹೋಯಿತು, ವಾಲ್ವಿನ ಸಂದಿಗೂ ತುಕ್ಕು ಕಟ್ಟುತ್ತ ಬಂತು. ಮಗನಿಗೆ ಅವಳು ಸುತ್ತಿ ಬಳಸಿ ಹೇಳಿ ನೋಡಿದ್ದಳು, "ತಗ್ಗಿಗೆ ಸ್ವಲ್ಪ ಬೇಗ ಬಿಡೋ, ನಿಮ್ಮಪ್ಪ ಹಾಗೇ ಮಾಡ್ತಿದ್ರು" ಎಂದು. ಮಗ ಸಿಟ್ಟಾಗಿದ್ದ. "ಅಪ್ಪ ಒಂದು ನಿಮಿಷ ಅತ್ತಿತ್ತ ಮಾಡಿದೋರಲ್ಲ. ಪುಸ್ತಕ ನೋಡು ಬೇಕಾದ್ರೆ." ಪುಸ್ತಕದಲ್ಲಿ ಐದು ಎಂದೇ ಇತ್ತಲ್ಲ. ಅವನು ಐದಕ್ಕೆ ತೆರೆದ, ಆರೂವರೆಗೆ ಮುಚ್ಚಿದ. ಅಪ್ಪನ ಸುಳ್ಳಿನಿಂದ ಊರಿಗೆ ಸಮವಾಗಿ ಬರುತ್ತಿದ್ದ ನೀರು ಮಗನ ಸತ್ಯದಿಂದ ಏರುಪೇರಾಯಿತು.

ಅಳತೆಯ ಪಟ್ಟಿಯನ್ನು ಬುಧವಾರ ನಗರಸಭೆಯ ಗೇಟಿಗೆ ಅಂಟಿಸಿದರು. ಗುರುವಾರ ಮಧ್ಯಾಹ್ನ ಮಗನ ಕೈಗೆ ನೋಟಿಸ್ ಬಂತು. ತಗ್ಗಿನವರು ಅವನನ್ನು ಲಂಚಕೋರ ಎಂದರು. ದಿಬ್ಬದವರಿಗೆ ತಾವು ಲಂಚ ಕೊಟ್ಟವರೆಂಬ ಹೆಸರು ಬೇಡವಾಗಿತ್ತು, "ಅವನು ಸೋಮಾರಿ, ತಗ್ಗಿನ ವಾಲ್ವ್ ಪೂರ್ತಿ ತೆರೆಯೋದೇ ಇಲ್ಲ" ಎಂದರು. ಕಾರಣ ಬೇರೆಯಾದರೂ ಶಿಕ್ಷೆ ಒಂದೇ. ಸೋಮವಾರದ ಸಭೆಯಲ್ಲಿ ಮೊದಲನೆಯ ವಿಷಯ ಅದೇ ಎಂದು ಬರೆದಿತ್ತು.

ನೀರಣ್ಣನ ಹೆಂಡತಿ ಮೊರದಲ್ಲಿ ಅಕ್ಕಿ ಆರಿಸುತ್ತಿದ್ದಳು. ಮಗ ಎದುರಿಗೆ ಕುಕ್ಕರಿಸಿ ಕೂತ.

"ಎರಡೂ ಕಡೆ ಮೂವತ್ತೆರಡು ಸುತ್ತು ತಿರುಗಿಸ್ತೀನಿ ಅಮ್ಮ. ಒಂದು ಹೆಚ್ಚಿಲ್ಲ, ಒಂದು ಕಮ್ಮಿ ಇಲ್ಲ. ಅಪ್ಪನ ಆಣೆಗೂ."

"ಆಣೆ ಯಾಕೋ ಹಾಕ್ತೀಯ..."

"ಹಾಲಿನೋನು ಇವತ್ತು ಮುಖಕ್ಕೇ ಅಂದ. ಹುಲಿ ಹೊಟ್ಟೇಲಿ ಇಲಿ ಹುಟ್ಟಿತು ಅಂತ. ನೀರಣ್ಣನ ಹೆಸರು ಮಣ್ಣು ಮಾಡಿದೆ ಅಂತ."

ಅವಳ ಬಾಯಿ ತೆರೆಯಿತು. ಮಗನ ಮುಖ ನೋಡಿದಳು. ಅದರಲ್ಲಿ ಅಪ್ಪನ ಬಗ್ಗೆ ಇದ್ದ ಅಭಿಮಾನ ಎಷ್ಟು ನಿಚ್ಚಳವಾಗಿತ್ತೆಂದರೆ, ಗಂಟಲವರೆಗೆ ಬಂದ ಮಾತು ಹಾಗೇ ಕೆಳಗಿಳಿಯಿತು. "ಊಟ ಮಾಡು" ಎಂದಷ್ಟೇ ಅಂದಳು. ಶುಕ್ರವಾರ, ಶನಿವಾರ, ಭಾನುವಾರವೂ ಅಷ್ಟೇ. ನುಂಗಲೂ ಆಗದ, ಉಗುಳಲೂ ಆಗದ ತುತ್ತು.

ಸೋಮವಾರ ನಗರಸಭೆಯ ಹಾಲ್ ತುಂಬಿ ಹೋಗಿತ್ತು. ಐವತ್ತು ಜನ ಸಹಿ ಹಾಕಿ ಕೊಟ್ಟರೆ, ಕಲಾಪಕ್ಕೆ ಮೊದಲು ಅರ್ಧ ಗಂಟೆ ಜನರ ಮಾತು ಕೇಳಲೇಬೇಕು ಎಂಬ ನಿಯಮವೊಂದನ್ನು ಮೇಷ್ಟ್ರು ಹಳೆಯ ಪುಸ್ತಕದಲ್ಲಿ ಹುಡುಕಿ ತೆಗೆದಿದ್ದರು. ಅಲ್ಲಿಯವರೆಗೆ ಒಬ್ಬರೂ ಅದನ್ನು ಬಳಸಿರಲಿಲ್ಲ. ಸಹಿ ಹಾಕಿದವರು ನೂರಾ ಹನ್ನೆರಡು ಜನ. ನಾಲ್ಕು ದಿನ ಒಬ್ಬರ ಅಂಗಳದಲ್ಲಿ ಒಬ್ಬರು ಕೂತಿದ್ದವರು, ಇಲ್ಲೂ ಕಲಸಿಹೋಗಿ ಕೂತಿದ್ದರು. ಯಾರು ದಿಬ್ಬ, ಯಾರು ತಗ್ಗು ಎಂದು ಗೊತ್ತಾಗದೆ ಸದಸ್ಯರು ಕತ್ತು ಎತ್ತೆತ್ತಿ ನೋಡುತ್ತಿದ್ದರು. ಮಗ ಬಾಗಿಲ ಪಕ್ಕದ ಗೋಡೆಗೆ ಒರಗಿ ನಿಂತಿದ್ದ. ಮೇಲೆ ಫ್ಯಾನು ಕಿರ್ ಕಿರ್ ಎಂದು ತಿರುಗುತ್ತಿತ್ತು.

ಮೇಷ್ಟ್ರು ಪಟ್ಟಿ ಓದಿದರು. ಟೈಲರಕ್ಕ ಎದ್ದು, ಕೊಳವೆ ವಾಪಸ್ಸು ಹೋದರೆ ಇಪ್ಪತ್ತೂ ಜನರ ಮನೆ ಮುಂದೆ ಖಾಲಿ ಬಕೆಟ್ ಸಾಲಾಗಿ ಇಡುತ್ತೇವೆ ಎಂದಳು. ಅಧ್ಯಕ್ಷರು ಕನ್ನಡಕ ತೆಗೆದು ಒರೆಸಿದರು. "ಜನರ ಮಾತು ಕೇಳಿದ್ದಾಯ್ತು. ಈಗ ಮೊದಲನೇ ವಿಷಯ..."

"ನಾನೂ ಸಹಿ ಹಾಕಿದೀನಿ" ಎಂದು ಹಿಂದಿನಿಂದ ಒಂದು ಧ್ವನಿ ಬಂತು.

ನೀರಣ್ಣನ ಹೆಂಡತಿ ಎದ್ದು ನಿಂತಿದ್ದಳು. ಮುಂದಿನ ಕುರ್ಚಿಯ ಬೆನ್ನನ್ನು ಎರಡೂ ಕೈಯಿಂದ ಹಿಡಿದಿದ್ದಳು. ಮಗ ಗೋಡೆ ಬಿಟ್ಟು ಒಂದು ಹೆಜ್ಜೆ ಮುಂದೆ ಬಂದ. ಅಮ್ಮ ಅತ್ತು ಬೇಡಿಕೊಳ್ಳುತ್ತಾಳೆ ಎಂದು ಹೆದರಿ, ಬೇಡ ಎಂದು ಕಣ್ಣಲ್ಲೇ ಹೇಳಿದ.

"ನನ್ನ ಮಗ ತಪ್ಪು ಮಾಡಿಲ್ಲ. ತಪ್ಪು ಮಾಡಿದ್ದು ಅವನಪ್ಪ" ಎಂದಳು ಅವಳು. ಮಗನ ಕಡೆ ನೋಡದೆ ಪೂರ್ತಿ ಹೇಳಿದಳು. ಟಾರಿನ ಕೆಳಗಿನ ವಾಲ್ವು, ಎಡ ಬಲ, ಮುಕ್ಕಾಲು ಗಂಟೆ, ಸುಳ್ಳು ಬರೆದ ಪುಸ್ತಕ. "ನನಗೂ ಗೊತ್ತಿತ್ತು. ನಾನೂ ಹೇಳ್ಲಿಲ್ಲ."

ಒಮ್ಮೆಲೇ ಗದ್ದಲ ಎದ್ದಿತು.

"ಮಗನ್ನ ಉಳಿಸ್ಕೊಳ್ಳೋಕೆ ಸತ್ತೋರ ತಲೆ ಮೇಲೆ ಹೊರಿಸ್ತೀಯಲ್ಲಮ್ಮ!" ಎಂದ ತಗ್ಗಿನ ಒಬ್ಬ ಸದಸ್ಯ. "ಸತ್ತೋರು ಎದ್ದು ಬಂದು ಇಲ್ಲ ಅಂತಾರಾ?"

ನಗರಸಭೆಯ ಎಂಜಿನಿಯರ್ ನಕ್ಷೆ ಬಿಡಿಸಿ ನೋಡಿ, ಅಲ್ಲಿ ಯಾವ ವಾಲ್ವೂ ಇಲ್ಲ ಎಂದರು.

"ನಕ್ಷೇಲಿ ಇಲ್ಲ. ನೆಲದಲ್ಲಿದೆ. ಅಗೆದು ನೋಡಿ" ಎಂದಳು ಅವಳು.

"ರಸ್ತೆ ಅಗೆಯೋಕೆ ಠರಾವು ಬೇಕು" ಎಂದರು ಅಧ್ಯಕ್ಷರು. ಅಲ್ಲಿಗೆ ಬಂಡಿ ಮತ್ತೆ ಹಳೆಯ ಹಳ್ಳಕ್ಕೇ ಬಿತ್ತು. ಅಗೆಯಿರಿ ಎಂದು ದಿಬ್ಬದ ಒಬ್ಬರೆಂದರೆ, ಇದೆಲ್ಲ ಕೊಳವೆ ತಮ್ಮ ಕಡೆ ಎಳೆದುಕೊಳ್ಳಲು ದಿಬ್ಬದವರ ನಾಟಕ ಎಂದು ತಗ್ಗಿನ ಆ ಸದಸ್ಯ ಎದ್ದ. ಅವನ ಹಿಂದೆ ಇನ್ನೂ ಮೂವರು ಎದ್ದು ಬಾಗಿಲ ಕಡೆ ನಡೆದರು. ಬಾಗಿಲಲ್ಲಿ ಟೈಲರಕ್ಕ ನಿಂತಿದ್ದಳು.

"ಎಲ್ಲಿಗೆ ಅಣ್ಣಾ?"

"ದಾರಿ ಬಿಡಮ್ಮ. ನಿನ್ನ ಪರವಾಗೇ ಹೊರಗೆ ಹೋಗ್ತಿರೋದು."

"ಹನ್ನೊಂದು ಸಲ ನನ್ನ ಪರವಾಗಿ ಹೊರಗೆ ಹೋದಿರಿ. ಒಂದು ಸಲ ನನ್ನ ಪರವಾಗಿ ಕೂತ್ಕೊಳ್ಳಿ. ನಿಮ್ಮ ಹೆಂಡತಿ ರವಿಕೆ ಬೇರೆ ನನ್ನ ಹತ್ರಾನೇ ಇದೆ, ನೆನಪಿರಲಿ."

ಜನ ನಕ್ಕರು. ಸದಸ್ಯ ಹಿಂದೆ ನೋಡಿದ. ನಗುತ್ತಿದ್ದವರಲ್ಲಿ ಅವನ ಬೀದಿಯವರೇ ಹೆಚ್ಚು. ಬಂದು ಕೂತ.

ಮೇಷ್ಟ್ರು ಎಂಜಿನಿಯರ್ ಕಡೆ ತಿರುಗಿದರು. "ಕೊಳವೆ ಸೋರಿದ್ರೆ ಅಗೆಯೋಕೆ ಠರಾವು ಬೇಕೇನ್ರೀ?"

"ಇಲ್ಲ ಸಾರ್. ಅದು ದಿನದ ಕೆಲಸ."

"ಹಾಗಾದ್ರೆ ಅದು ಸೋರ್ತಿದೆ ಅಂತ ನಾನು ಬರ್ಕೊಡ್ತೀನಿ. ಜರಡಿಯಾಗಿರೋ ಕೊಳವೆ, ಎಲ್ಲಿ ಸೋರಲ್ಲ ಹೇಳಿ."

ಅಧ್ಯಕ್ಷರು ಬೇಡ ಎನ್ನುವಷ್ಟರಲ್ಲಿ ಅರ್ಧ ಹಾಲ್ ಖಾಲಿಯಾಗಿತ್ತು.

ನಾಲ್ಕು ರಸ್ತೆಯಲ್ಲಿ ಬಿಸಿಲು ಸುಡುತ್ತಿತ್ತು. ವಾಹನಗಳನ್ನು ಎರಡೂ ಕಡೆ ನಿಲ್ಲಿಸಿದರು. ಮಗ ಹಾರೆ ಹಿಡಿದು ನಿಂತಿದ್ದ. ಅಮ್ಮನ ಮುಖ ನೋಡಲಿಲ್ಲ. "ಎಲ್ಲಿ?" ಎಂದಷ್ಟೇ ಕೇಳಿದ.

ಅವಳು ಸುತ್ತ ನೋಡಿದಳು. ಅವತ್ತು ಗಂಡನಿಗೆ ಊಟದ ಡಬ್ಬಿ ತಂದವಳು ಹಿಟ್ಟಿನ ಗಿರಣಿಯ ಹೊಸ್ತಿಲ ಮೇಲೆ ಕೂತಿದ್ದಳು. ಅವನು ಗುಂಡಿಯಿಂದ ಹತ್ತಿ ಬಂದು ಕೈ ತೊಳೆದಿದ್ದ, ಹನ್ನೊಂದು ಹೆಜ್ಜೆಯ ಕೆಸರಿನ ಗುರುತು ನೆಟ್ಟಗೆ ಅವಳ ಕಾಲಿನವರೆಗೆ ಬಂದಿತ್ತು. ಗಿರಣಿಯವನು ಬೈದದ್ದು ಕೂಡ ನೆನಪಿತ್ತು. ಈಗ ಅಲ್ಲಿ ಗಿರಣಿ ಇಲ್ಲ, ಮೊಬೈಲ್ ಅಂಗಡಿ. ಹೊಸ್ತಿಲಿಗೆ ಬೆನ್ನು ಕೊಟ್ಟು ನಿಂತು, ಗಂಡಸಿನ ಹೆಜ್ಜೆಯಷ್ಟು ಅಗಲ ಕಾಲಿಟ್ಟು, ಹನ್ನೊಂದು ಎಣಿಸಿ, "ಇಲ್ಲಿ" ಎಂದಳು.

ಮಗ ಅಗೆದ. ಟಾರು ಎದ್ದಿತು, ಜಲ್ಲಿ ಎದ್ದಿತು, ಮಣ್ಣು ಬಂತು. ಸೊಂಟದವರೆಗೆ ಅಗೆದ. ಮಣ್ಣು ಬಿಟ್ಟರೆ ಮತ್ತೇನೂ ಇಲ್ಲ.

"ಪಾತಾಳದವರೆಗೆ ಅಗೆಸ್ತೀಯಾ ಅಜ್ಜಿ?" ಎಂದು ಯಾರೋ ಕೂಗಿದರು. ತಗ್ಗಿನ ಆ ಸದಸ್ಯ ಕೈ ಕಟ್ಟಿ ನಿಂತು, "ನಾನು ಹೇಳ್ಲಿಲ್ವಾ?" ಎಂದ. ಮಗ ಹಾರೆ ಊರಿಕೊಂಡು ಬೆವರು ಒರೆಸಿದ. ಈಗ ಅವನು ಅಮ್ಮನನ್ನು ನೋಡಿದ. ಅಪ್ಪನೂ ಹೋದ, ಕೆಲಸವೂ ಹೋಯಿತು ಎನ್ನುವ ನೋಟ.

ಹನ್ನೊಂದು. ಹನ್ನೊಂದೇ. ತಾನು ಕನಸು ಕಂಡದ್ದಲ್ಲ. ತಿರುಗಿ ಅಂಗಡಿಯನ್ನು ನೋಡಿದಳು, ಪಕ್ಕದ ಗೋಡೆಗಳನ್ನು ನೋಡಿದಳು. ಪಕ್ಕದವರದೆಲ್ಲ ಒಂದು ಸಾಲಿನಲ್ಲಿದ್ದರೆ ಈ ಅಂಗಡಿಯ ಮೂತಿ ಮಾತ್ರ ಮುಂದೆ ಚಾಚಿತ್ತು.

"ಏನಪ್ಪಾ, ಅಂಗಡಿ ಎಷ್ಟು ಮುಂದೆ ತಂದಿದ್ದೀಯ?"

ಮೊಬೈಲ್ ಅಂಗಡಿಯವನು ಅಧ್ಯಕ್ಷರನ್ನು ನೋಡಿದ, ಎಂಜಿನಿಯರನ್ನು ನೋಡಿದ. "ನಾನಾ? ಎಲ್ಲಿ... ಸ್ವಲ್ಪ..."

"ಸ್ವಲ್ಪ ಅಂದ್ರೆ?"

"ಒಂದ್... ನಾಲ್ಕಡಿ."

"ಅಯ್ಯೋ ನಿನ್ನ!" ಎಂದು ಟೈಲರಕ್ಕ ಹಣೆ ಚಚ್ಚಿಕೊಂಡಳು. ಎಂಜಿನಿಯರ್ ಜೇಬಿನಿಂದ ಪುಸ್ತಕ ತೆಗೆದು ಏನೋ ಬರೆದುಕೊಂಡರು.

ಮಗ ಗುಂಡಿಯಿಂದ ಹತ್ತಿ, ಅಂಗಡಿಯ ಕಡೆಗೆ ನಾಲ್ಕಡಿ ಸರಿದು ಮತ್ತೆ ಹಾರೆ ಎತ್ತಿದ. ಮೊಣಕಾಲುದ್ದ ಅಗೆದಿರಲಿಲ್ಲ, ಹಾರೆ ಠಣ್ ಎಂದಿತು.

ಕಬ್ಬಿಣದ ಮುಚ್ಚಳ. ಅದರ ಕೆಳಗೆ ತುಕ್ಕಿನ ಮುದ್ದೆಯಾಗಿ ಕೂತಿದ್ದ ವಾಲ್ವು. ಅದರ ತಲೆಯ ಮೇಲೆ ಯಾವ ಕಡೆಗೆ ತೆರೆಯಬೇಕೆಂಬ ಬಾಣದ ಗುರುತು ಇದ್ದಿರಬೇಕು, ತುಕ್ಕು ಅದನ್ನು ತಿಂದು ಹಾಕಿತ್ತು. ಮಗ ಕೀಲಿ ಕೂರಿಸಿದ.

"ಎಡಕ್ಕೆ" ಎಂದರು ಎಂಜಿನಿಯರ್. "ಹುಷಾರು. ಹಳೇದು. ತಪ್ಪು ಕಡೆ ಜೋರು ಹಾಕಿದ್ರೆ ಮುರಿಯುತ್ತೆ. ಮುರಿದ್ರೆ ತಗ್ಗಿಗೆ ತೊಟ್ಟು ನೀರೂ ಇಲ್ಲ. ಎಡಕ್ಕೇ ತಿರುಗಿಸು."

"ಬಲಕ್ಕೆ" ಎಂದಳು ಅಮ್ಮ.

ಮಗ ಹಿಡಿಯ ಮೇಲೆ ಎರಡೂ ಕೈ ಇಟ್ಟು ನಿಂತ. ಓದಿದವರು ಒಂದು ಕಡೆ, ಅಮ್ಮ ಒಂದು ಕಡೆ. ಇಷ್ಟು ವರ್ಷ ಸುಳ್ಳು ಇಟ್ಟುಕೊಂಡಿದ್ದ ಅಮ್ಮ.

"ನಿಜ ಹೇಳು. ಅಪ್ಪ ಬಲಕ್ಕೆ ಅಂದ್ರಾ?"

"ತುತ್ತು ಕೈಯಲ್ಲಿ ಹಿಡ್ಕೊಂಡು ಅಂದ್ರು ಕಣೋ."

ಅವನು ಬಲಕ್ಕೆ ಭಾರ ಹಾಕಿದ. ಅಲ್ಲಾಡಲಿಲ್ಲ. ಮತ್ತೆ ಹಾಕಿದ, ಕತ್ತಿನ ನರ ಹುರಿಯಂತೆ ಎದ್ದವು. ಮೇಷ್ಟ್ರು ಚಪ್ಪಲಿ ಬಿಟ್ಟ ಜಾಗ ನೋಡದೆ ಗುಂಡಿಗಿಳಿದು ಹಿಡಿಗೆ ಕೈ ಹಚ್ಚಿದರು. ಅವನನ್ನು ಇಲಿ ಎಂದಿದ್ದ ಹಾಲಿನವನು ಇನ್ನೊಂದು ಕಡೆಯಿಂದ ಹಿಡಿದ. ಕಿರ್ರ್ ಎಂದು ಹಲ್ಲು ಕಡಿದಂಥ ಸದ್ದು ಬಂತು. ಮುರಿಯಿತು ಎಂದುಕೊಂಡಳು ಅವಳು, ಕಣ್ಣು ಮುಚ್ಚಿದಳು. ಮುರಿದಿರಲಿಲ್ಲ, ಕಾಲು ಸುತ್ತು ತಿರುಗಿತ್ತು. ಆಮೇಲೆ ಅರ್ಧ. ಆಮೇಲೆ ಒಂದು. ಇಪ್ಪತ್ತಾರನೆಯ ಸುತ್ತಿಗೆ ನಿಂತಿತು.

ಎಂಜಿನಿಯರ್ ಫೋನ್ ಮಾಡಿ ಪಂಪು ಹಾಕಿಸಿದರು. ಕೊಳವೆಯೊಳಗೆ ಮೊದಲು ಗಾಳಿ ಬುಸುಗುಟ್ಟಿತು. ತಗ್ಗಿನ ಬೀದಿಯಿಂದ ಟೈಲರಕ್ಕನ ಅತ್ತೆಯ ಕೂಗು ಕೇಳಿಸಿತು: "ಕೆಂಪು ಬರ್ತಿದೆ!" ಸ್ವಲ್ಪ ಹೊತ್ತಿಗೆ, "ಬಿಳೀ ಬಂತು!" ಮೇಷ್ಟ್ರು ಗಡಿಯಾರ ಹಿಡಿದು ಆ ಕಡೆ ಓಡಿದರು, ಎಪ್ಪತ್ತು ದಾಟಿದ ಮನುಷ್ಯ. ಐವತ್ತೇಳು ಸೆಕೆಂಡು.

ತಗ್ಗಿನವರು ಕುಣಿಯಲಿಲ್ಲ. ಒಬ್ಬ ಮುದುಕ ಗುಂಡಿಯ ಅಂಚಿನಲ್ಲಿ ನಿಂತು ವಾಲ್ವನ್ನೇ ನೋಡುತ್ತ, "ಮುಕ್ಕಾಲು ಗಂಟೆ ಕೊಟ್ಟ, ಸರಿ. ಒಂದು ದಿನ ಬಾಯಿ ಬಿಟ್ಟಿದ್ರೆ ಇಷ್ಟೆಲ್ಲ ಯಾಕೆ ಬೇಕಿತ್ತು?" ಎಂದ. ನೀರಣ್ಣನ ಹೆಂಡತಿ ಅವನ ಪಕ್ಕಕ್ಕೆ ಬಂದು ನಿಂತಳು. "ಬೇಕಿರಲಿಲ್ಲ" ಎಂದಳು.

ಶುಕ್ರವಾರ, ಕೊನೆಯ ದಿನ, ಸಭೆ ಮತ್ತೆ ಕೂಡಿತು. ಯಾರ ನೀರನ್ನು ಯಾರೂ ಕದ್ದಿಲ್ಲ ಎಂದಾದ ಮೇಲೆ ಯಾವ ರಸ್ತೆ ಎಂಬ ಜಗಳಕ್ಕೆ ಹಿಂದಿನ ಕಾವು ಇರಲಿಲ್ಲ. ಆದರೂ ಬಿಟ್ಟುಕೊಡಲು ಮೀಸೆ ಅಡ್ಡ. ಮೇಷ್ಟ್ರೂ ಟೈಲರಕ್ಕನೂ ಬರೆದು ತಂದದ್ದು ಇಷ್ಟು: ನಾಲ್ಕು ರಸ್ತೆಯವರೆಗೆ ಮಾರ್ಕೆಟ್ ರಸ್ತೆಯಲ್ಲಿ ಒಂದೇ ಕೊಳವೆ, ಅಲ್ಲಿಂದ ಎರಡು ಕವಲು, ತಿಂಗಳಿಗೊಮ್ಮೆ ಮನೆ ಅದಲುಬದಲು ಮಾಡಿಕೊಂಡು ಜನರೇ ಅಳತೆ. ಮೂರು ಗಂಟೆ ವಾದ ನಡೆಯಿತು. ಯಾರೂ ಎದ್ದು ಹೋಗಲಿಲ್ಲ. ಹೋಗಬೇಕಾದರೆ ನೂರು ಜೊತೆ ಮೊಣಕಾಲು ದಾಟಿಕೊಂಡು ಹೋಗಬೇಕಿತ್ತು. ಕೈ ಎತ್ತಿದವರು ಹದಿಮೂರು, ಬೇಡ ಎಂದವರು ಆರು. ತಗ್ಗಿನ ಆ ಸದಸ್ಯ ಹೊಟ್ಟೆನೋವೆಂದು ಬಂದಿರಲಿಲ್ಲ. ಮಗನ ಮೇಲಿನ ನೋಟಿಸನ್ನು ಹಿಂದಕ್ಕೆ ಪಡೆದದ್ದು ಪಟ್ಟಿಯಲ್ಲಿ ಒಂಬತ್ತನೆಯ ವಿಷಯವಾಗಿ, ಒಂದೇ ಸಾಲಿನಲ್ಲಿ ಮುಗಿದುಹೋಯಿತು.

ಮಗ ಮಾತ್ರ ಸೋಮವಾರದಿಂದ ಅಮ್ಮನೊಂದಿಗೆ ಮಾತಾಡಿರಲಿಲ್ಲ. ಹಾಕಿದ್ದು ಉಣ್ಣುತ್ತಿದ್ದ, ತಟ್ಟೆ ತೊಳೆದಿಟ್ಟು ಹೋಗುತ್ತಿದ್ದ. ಅವಳೂ ಕೆಣಕಲಿಲ್ಲ. ಶನಿವಾರ ಮಧ್ಯಾಹ್ನ ಅವನು ಬಂದು ಅಡುಗೆಮನೆಯ ಬಾಗಿಲಲ್ಲಿ ನಿಂತ. ಕೈಯಲ್ಲಿ ದೊಡ್ಡ ಬಿಳಿ ಹಾಳೆ, ಪೆನ್ಸಿಲ್ಲು. ಹೊಸ ನಕ್ಷೆ ಮಾಡಬೇಕೆಂದು ಎಂಜಿನಿಯರ್ ಕೊಟ್ಟಿದ್ದಂತೆ.

"ಅಪ್ಪ ಹೇಳಿದ್ದೆಲ್ಲ ನಿನಗೆ ನೆನಪಿದೆಯಾ?" ಎಂದ.

"ಅವರು ಮನೆಗೆ ಬಂದು ಬೇರೇನು ಮಾತಾಡ್ತಿದ್ರು? ನೀರಿಂದೇ."

"ಹಾಗಾದ್ರೆ ಹೇಳು. ಟಾರಿನ ಕೆಳಗೆ ಇನ್ನೂ ಎಷ್ಟು ವಾಲ್ವ್ ಇವೆ?"

ಅವಳು ಒಲೆ ಸಣ್ಣ ಮಾಡಿದಳು. ಕೈ ಒರೆಸಿಕೊಂಡು ನೆಲದ ಮೇಲೆ ಕೂತು, ಪಕ್ಕದಲ್ಲಿ ಅವನಿಗೆ ಜಾಗ ಮಾಡಿ, ಬೆರಳು ಮಡಚಿ ಎಣಿಸಿದಳು.

"ಮೂರು" ಎಂದಳು.

ಅವನು ಪಕ್ಕದಲ್ಲಿ ಕೂತು, ಹಾಳೆಯನ್ನು ನೆಲದ ಮೇಲೆ ಬಿಡಿಸಿ, ಮೂಲೆ ಹಾರದಂತೆ ಮೊಣಕಾಲು ಊರಿದ.